ವೀಸಾಕ್ಕೆಂದು ಹಿಡಿದ ಮನೆ

ಬೇರೆಯವರು ಮೊದಲು ಮನೆ ನೋಡಿ, ಆಮೇಲೆ ಸ್ಟೇಷನ್ ಎಷ್ಟು ದೂರ ಎಂದು ಹುಡುಕುತ್ತಾರೆ. ಶಾಹಿದಾ ತಿರುಗುಮುರುಗು ಮಾಡಿದ್ದಳು. ಫೋನಿನ ಮ್ಯಾಪಿನಲ್ಲಿ ಇಟಲಿಯ ಪಿಸ್ತೋಯ ಎಂಬ ಊರಿನ ರೈಲ್ವೆ ಸ್ಟೇಷನ್ನಿನ ಬಾಗಿಲಲ್ಲಿ ನಿಂತು, ಎದುರಿನ ಬೀದಿಯಲ್ಲಿ ಬೆರಳಿನಿಂದಲೇ ನಡೆಯುತ್ತಾ ಹೋಗಿ, ಒಂದು ಬೇಕರಿಯ ಮೇಲಿನ ಮಹಡಿಗೆ ಬಂದು ಮುಟ್ಟಿದ್ದಳು. ಹಸಿರು ಕಿಟಕಿಗಳ ಎರಡು ಕೋಣೆಯ ಮನೆ. ಕೆಳಗಿಳಿದರೆ ಬೀದಿ, ಬೀದಿ ಮುಗಿದರೆ ಚೌಕ, ಚೌಕದಲ್ಲಿ ವಾರಕ್ಕೆರಡು ದಿನ ಸಂತೆ. ಫ್ಲಾರೆನ್ಸಿಗೆ ಹೋಗಬೇಕೆನಿಸಿದರೆ ರೈಲು. ಯಾರನ್ನೂ ಕೇಳಬೇಕಾಗಿಲ್ಲ.

ಪಟ್ಟಣದ ಹೊರಗೆಲ್ಲಾದರೂ ಉಳಿಯುವ ಎಂದು ಮೊದಲು ಹೇಳಿದ್ದು ಅವಳ ಗಂಡ ಸಿರಾಜುದ್ದೀನನೇ. "ಫ್ಲಾರೆನ್ಸಿನ ಒಳಗೆ ಎಂತಕ್ಕೆ? ನಾವು ಮಸ್ಕತ್ತಿನ ಒಳಗೆ ಇದ್ದೇವಾ? ಹೊರಗೆ ಈ ಸೀಬಿನಲ್ಲಿದ್ದುಕೊಂಡು ಎಲ್ಲ ನೋಡಲಿಲ್ವಾ? ನೀನೇ ಒಂದು ಒಳ್ಳೆಯ ಜಾಗ ಹುಡುಕು" ಎಂದಿದ್ದ. ಅವನು ಟೈಲ್ಸ್ ಶೋರೂಮಿನ ಮ್ಯಾನೇಜರ್. ಇಟಲಿಯ ಕ್ಯಾಟಲಾಗುಗಳು ಮನೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದವು. ಅವುಗಳ ಧೂಳು ಒರೆಸುವಾಗ ಶಾಹಿದಾ ನೋಡುತ್ತಿದ್ದದ್ದು ನೆಲಹಾಸನ್ನಲ್ಲ, ಚಿತ್ರಗಳಲ್ಲಿ ಅದರ ಹಿಂದೆ ಕಾಣುವ ಬೀದಿಗಳನ್ನು. ಮದುವೆಯಾದಂದಿನಿಂದ ಪ್ರತಿ ರಜೆಗೂ ಹೋದದ್ದು ಉಪ್ಪಿನಂಗಡಿಗೇ. ಈ ಸಲ ಮಗಳು ಸಫೀನಾಳ ಕಾಲೇಜು ಮುಗಿದಿತ್ತು. ಒಮ್ಮೆಯಾದರೂ ಬೇರೆ ಕಡೆ ಹೋಗಲೇಬೇಕೆಂದು ಹಟ ಹಿಡಿದವಳೂ ಮಗಳೇ.

ಶಾಹಿದಾಳಿಗೆ ಕಾರು ಬರುವುದಿಲ್ಲ. ಎರಡು ಸಲ ಟೆಸ್ಟಿನಲ್ಲಿ ಫೇಲಾದ ಮೇಲೆ ಅವಳೂ ಬಿಟ್ಟಳು, ಸಿರಾಜನೂ ಒತ್ತಾಯ ಮಾಡಲಿಲ್ಲ. "ನಾನಿಲ್ವಾ?" ಎಂದಿದ್ದ. ನಿಜ, ಅವನಿದ್ದ. ಕೊತ್ತಂಬರಿ ಸೊಪ್ಪಿಗೂ, ದರ್ಜಿಯ ಅಂಗಡಿಗೂ, ಹಲ್ಲುನೋವಿಗೂ ಅವನು ಬರುವ ತನಕ ಕಾದರಾಯಿತು. ಕೆಳಗಿನ ರಸ್ತೆಯ ಬದಿಗೆ ಫುಟ್‌ಪಾತೇ ಇರಲಿಲ್ಲ. ಸಂಜೆ ಬಾಲ್ಕನಿಯಲ್ಲಿ ನಿಂತರೆ ಏರ್‌ಪೋರ್ಟಿಗೆ ಇಳಿಯುವ ವಿಮಾನಗಳು ಕಾಣುತ್ತಿದ್ದವು. ಅವಳ ಕಣ್ಣು ಮಾತ್ರ ಪಾರ್ಕಿಂಗಿನ ತಿರುವಿನಲ್ಲಿ ಬಿಳಿ ಕಾರನ್ನು ಹುಡುಕುತ್ತಿತ್ತು.

ಪಿಸ್ತೋಯದ ಮನೆಯನ್ನು ಬುಕ್ ಮಾಡಿ, ಆ ಕಾಗದವನ್ನು ವೀಸಾ ಫೈಲಿಗೆ ಸೇರಿಸಿ ಕೊಟ್ಟರು. ವೀಸಾ ಬಂತು. ಆ ಶುಕ್ರವಾರ ಮಸ್ಕತ್ತಿನ ವಾದಿ ಕಬೀರಿನಿಂದ ಇಬ್ರಾಹಿಂ ಮತ್ತು ಅವನ ಹೆಂಡತಿ ಬೀಫಾತಿಮಾ ಊಟಕ್ಕೆ ಬಂದರು. ಇಬ್ರಾಹಿಂ ಸಿರಾಜನ ಊರಿನವನೇ, ಗ್ಯಾರೇಜು ನಡೆಸುತ್ತಾನೆ. ಜರ್ಮನಿಯಲ್ಲಿರುವ ಮಗ ಸವಾದನನ್ನು ನೋಡಲು ಹೋದ ವರ್ಷ ಮಾಡಿಸಿದ, ಇಟಲಿಗೂ ಸಲ್ಲುವ ಗಂಡಹೆಂಡಿರ ವೀಸಾ ಇನ್ನೂ ಊರ್ಜಿತವಾಗಿತ್ತು.

"ನೀವು ಮೂವರೇ ಹೋಗಿ ಎಂತ ಮಾಡುವುದು ಮಾರಾಯ, ಮುಖ ಮುಖ ನೋಡಿಕೊಂಡು ಕೂರುವುದಾ?" ಎಂದ ಇಬ್ರಾಹಿಂ, ಬಿರಿಯಾನಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ. "ನಾವೂ ಬರುತ್ತೇವೆ. ಒಂದು ವ್ಯಾನ್ ಹಿಡಿಯುವ. ನಾನು ಡ್ರೈವ್ ಮಾಡ್ತೇನೆ, ಸಿರಾಜ್ ಮ್ಯಾಪ್ ನೋಡ್ಲಿ. ಖಲಾಸ್!"

"ಇಬ್ರಾಹಿಂಚ, ಅಲ್ಲಿ ರೈಟ್ ಸೈಡಿನಲ್ಲಿ ಓಡಿಸಬೇಕು" ಎಂದ ಸಿರಾಜ್.

"ಇಲ್ಲಿಯೂ ರೈಟೇ ಅಲ್ವಾ? ಮತ್ತೆ ನಾನು ಓಡಿಸುವುದು ಎಲ್ಲಿ, ಮರಳಲ್ಲಾ?"

ಎಲ್ಲರೂ ನಕ್ಕರು. ಇಬ್ರಾಹಿಂ ಎಡಗೈಯಲ್ಲಿ ಫೋನು ತೆಗೆದು ಒಂದು ಮನೆ ತೋರಿಸಿದ. ಫ್ಲಾರೆನ್ಸಿನ ಹೊರಗೆ, ಗುಡ್ಡದ ತುದಿಯಲ್ಲಿ, ದ್ರಾಕ್ಷಿತೋಟಗಳ ನಡುವೆ. "ಎಷ್ಟು ಗಾಡಿಗೂ ಪಾರ್ಕಿಂಗ್ ಉಂಟು. ಪೂಲ್ ಉಂಟು. ಕಿಚನ್ ನೋಡಿ, ನಮ್ಮ ಊರಿನ ಮದುವೆ ಅಡುಗೆ ಮಾಡಬಹುದು."

"ಹಲಾಲ್ ಎಲ್ಲಿ ಸಿಕ್ತದೆ ಅಂತ ಅಲೆಯುವುದೂ ಬೇಡ. ನಾನು ಅಕ್ಕಿಹುಡಿ ತರ್ತೇನೆ, ಬೆಳಿಗ್ಗೆ ಪತ್ತಿರ್ ಮಾಡುವ" ಎಂದಳು ಬೀಫಾತಿಮಾ.

ಶಾಹಿದಾ ಸೌಟನ್ನು ಬಟ್ಟಲಿನಲ್ಲೇ ಬಿಟ್ಟಳು. "ನಾವು ಮನೆ ಬುಕ್ ಮಾಡಿ ಆಗಿದೆಯಲ್ಲ?"

ಸಿರಾಜ್ ತಲೆಯೆತ್ತಿ ನೋಡಿದ. ಅವನ ಮುಖದಲ್ಲಿದ್ದದ್ದು ನಿಜವಾದ ಆಶ್ಚರ್ಯ. "ಯಾವುದು? ಅದು ವೀಸಾಕ್ಕೆ ಮಾಡಿದ್ದಲ್ವಾ?"

ಇಲ್ಲಿ ಎಲ್ಲರೂ ಮಾಡುವುದೇ ಹಾಗೆ. ವೀಸಾಕ್ಕೆ ತೋರಿಸಲು ಯಾವುದೋ ಒಂದು ಕೋಣೆ ಹಿಡಿಯುವುದು, ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ರದ್ದು ಮಾಡುವುದು. "ನಾವು ಹೋದ ವರ್ಷ ವೀಸಾಕ್ಕೆ ಫೈವ್ ಸ್ಟಾರ್ ಹೋಟೆಲೇ ತೋರಿಸಿದ್ದು" ಎಂದ ಇಬ್ರಾಹಿಂ. "ಮಲಗಿದ್ದು ಸವಾದನ ರೂಮಿನ ನೆಲದಲ್ಲಿ!"

ನಗು ನಿಂತ ಮೇಲೆ ಸಿರಾಜ್ ಕೇಳಿದ. ಕೇಳದೆ ಬಿಟ್ಟ ಎಂದು ಅವಳು ಹೇಳುವಂತಿಲ್ಲ. "ನೀನು ಹೇಳು ಶಾಹಿದಾ. ನಿನಗೆ ಯಾವುದು ಬೇಕು?"

ಮೂರು ಮುಖಗಳು ಅವಳ ಕಡೆಗೆ ತಿರುಗಿದವು. ಮೆಟ್ಟಿಲಿಳಿದು ಒಬ್ಬಳೇ ನಡೆದುಹೋಗುವ ಜಾಗ ಬೇಕು ಎನ್ನಬಹುದಿತ್ತು. ಎಲ್ಲಿಗೆ, ಯಾಕೆ ಎಂದು ಕೇಳಿದರೆ? ಅದಕ್ಕೆ ಉತ್ತರ ಕೊಡಬೇಕಾದರೆ ಇಷ್ಟು ವರ್ಷಗಳ ಸಂಜೆಗಳನ್ನೆಲ್ಲ ಬಿಚ್ಚಿಡಬೇಕಿತ್ತು. ಅದನ್ನು ಕೇಳಿದರೆ ಸಿರಾಜನಿಗೆ ನೋವಾಗುತ್ತಿತ್ತು, ಊಟ ಮುಗಿಸಿ ಇನ್ನೂ ಕೈತೊಳೆಯದ ಅತಿಥಿಗಳ ಎದುರಿಗೆ. ಸಫೀನಾ ಏನಾದರೂ ಹೇಳುವಳೇನೋ ಎಂದು ನೋಡಿದಳು. ಅವಳು ಪೂಲಿನ ಫೋಟೋ ದೊಡ್ಡದು ಮಾಡುತ್ತಿದ್ದಳು.

"ಗುಡ್ಡದ ಮನೆಯೇ ಒಳ್ಳೆಯದು" ಎಂದಳು ಶಾಹಿದಾ. "ಕಿಚನ್ ದೊಡ್ಡದುಂಟು."

ಮರುದಿನ ಪಿಸ್ತೋಯದಿಂದ ಮನೆಯೊಡತಿಯ ಸಂದೇಶ ಬಂತು. ಯಾವ ರೈಲಿಗೆ ಬರುತ್ತೀರಿ, ನಾನು ಸ್ಟೇಷನ್ನಿಗೆ ಬರುತ್ತೇನೆ, ನಡೆದೇ ಹೋಗಬಹುದು ಎಂದು. ಶಾಹಿದಾ ಅದನ್ನು ಎರಡು ಮೂರು ಸಲ ಓದಿದಳು. ಉತ್ತರ ಬರೆಯಲಿಲ್ಲ. ಬುಕಿಂಗ್ ರದ್ದು ಮಾಡುವ ಗುಂಡಿ ಒತ್ತಿದಾಗ ಕಾರಣವೇನೆಂದು ಫೋನು ಕೇಳಿತು. ಕೆಳಗೆ ಕೊಟ್ಟಿದ್ದ ಕಾರಣಗಳಲ್ಲಿ ಪ್ರವಾಸದ ಯೋಜನೆ ಬದಲಾಗಿದೆ ಎಂಬುದನ್ನು ಆರಿಸಿ ಅಡುಗೆಮನೆಗೆ ಹೋದಳು.

ಪ್ರವಾಸ ಚೆನ್ನಾಗಿಯೇ ಆಯಿತು. ಗುಡ್ಡದ ಮನೆಯಿಂದ ಸೂರ್ಯಾಸ್ತ ಕಾಣುತ್ತಿತ್ತು. ಅಂಗಡಿಯೊಂದು ಬೇಕಾದರೆ ವ್ಯಾನು ಹೊರಡಬೇಕು, ವ್ಯಾನು ಹೊರಡಬೇಕಾದರೆ ಎಲ್ಲರೂ ಎದ್ದು ತಯಾರಾಗಬೇಕು. ಫ್ಲಾರೆನ್ಸಿನ ಹಳೆಯ ಭಾಗಕ್ಕೆ ಹೊರಗಿನ ಗಾಡಿಗಳನ್ನು ಬಿಡುವುದಿಲ್ಲವೆಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಪಾರ್ಕಿಂಗ್ ಹುಡುಕಿ, ಟ್ರಾಮ್ ಹತ್ತಿ, ಚರ್ಚು ನೋಡಿ, ಕತ್ತಲಾಗುವುದರೊಳಗೆ ಗುಡ್ಡ ಹತ್ತಬೇಕೆಂದು ಇಬ್ರಾಹಿಂ "ಯಲ್ಲಾ, ಯಲ್ಲಾ" ಎನ್ನುತ್ತಲೇ ಇದ್ದ. ಬೆಳಿಗ್ಗೆ ಪತ್ತಿರ್ ಆಯಿತು, ರಾತ್ರಿ ಕೋಳಿಸಾರು. ಒಂದು ಮುಂಜಾನೆ ಶಾಹಿದಾ ಗೇಟು ತೆರೆದು ಹೊರಟಳು. ತಿರುವುಗಳ ಡಾಂಬರು ರಸ್ತೆ, ಎರಡೂ ಬದಿಗೆ ದ್ರಾಕ್ಷಿ. ಒಂದು ಕಾರು ರಭಸದಿಂದ ಹಾದುಹೋದಾಗ ಬದಿಗೆ ಸರಿದು ನಿಂತಳು. ಸರಿದು ನಿಲ್ಲಲೂ ಜಾಗವಿರಲಿಲ್ಲ. ವಾಪಸು ಬಂದು ಚಹಾಕ್ಕೆ ನೀರಿಟ್ಟಳು.

ಪಿಸಾದ ವಾಲಿದ ಗೋಪುರ ನೋಡಲು ಹೊರಟ ದಿನ ಹೆದ್ದಾರಿಯಲ್ಲಿ ಅವಳು ಹಿಂದಿನ ಸೀಟಿನಿಂದ ಮೊಟ್ಟೆ ರೋಲುಗಳನ್ನು ಮುಂದಕ್ಕೆ ದಾಟಿಸುತ್ತಿದ್ದಳು. ಸಫೀನಾ ಕಿರುಚಿದಳು, "ಉಮ್ಮಾ, ಲುಕ್! ಪಿಸ್ತೋಯ! ನಮ್ಮ ಫೇಕ್ ಬುಕಿಂಗ್!"

ಹಸಿರು ಬೋರ್ಡು. ಬಲಕ್ಕೆ ತಿರುಗುವ ಬಾಣ. ಅವಳು ನೋಡುವಷ್ಟರಲ್ಲಿ ಅದು ಹಿಂದೆ ಹೋಗಿತ್ತು.

"ಹೌದಾ?" ಎಂದಳು. "ನಿನ್ನ ರೋಲ್ ತಕ್ಕೊ."

ಸೀಬಿಗೆ ಮರಳಿ ಸೂಟ್‌ಕೇಸುಗಳು ಅಟ್ಟಕ್ಕೇರಿದ ಮೇಲೆ ಒಂದು ಶುಕ್ರವಾರ ಮತ್ತೆ ಎಲ್ಲರೂ ಸೇರಿದರು. ಫೋಟೋಗಳನ್ನು ಟಿವಿಗೆ ಹಾಕಿ ನೋಡಿದರು. ಬೀಫಾತಿಮಾ ಆ ಕಿಚನ್ನನ್ನು ಹೊಗಳಿ ಮುಗಿಸಲಿಲ್ಲ.

"ಮುಂದಿನ ವರ್ಷ ಸ್ವಿಟ್ಜರ್ಲೆಂಡ್" ಎಂದ ಇಬ್ರಾಹಿಂ. "ನಮ್ಮ ವೀಸಾವೂ ಮುಗಿಯಿತು. ವೀಸಾಕ್ಕೆ ಮನೆ ಹಿಡಿಯುವ ಕೆಲಸ ಶಾಹಿದಾಳಿಗೇ. ಅವಳ ಕೈಗುಣ ಒಳ್ಳೆಯದುಂಟು, ಒಂದೇ ಸಲಕ್ಕೆ ಬಂತು."

"ಈಗಲೇ ನೋಡು" ಎಂದು ಸಿರಾಜ್ ಅವಳ ಫೋನನ್ನು ಪ್ರೀತಿಯಿಂದಲೇ ಅವಳ ಕೈಗಿತ್ತ.

ಅವಳು ಅಲ್ಲಿನ ಒಂದು ಊರಿನ ಹೆಸರು ಒತ್ತಿದಳು. ಸಾಲಾಗಿ ಹೋಟೆಲುಗಳು ಬಂದವು. ಮ್ಯಾಪು ತೆರೆಯುವ ಗುರುತು ಪರದೆಯ ಮೂಲೆಯಲ್ಲೇ ಇತ್ತು. ಅದರ ಮೇಲೆ ಹೋದ ಬೆರಳನ್ನು ಹಿಂದೆ ತಂದು, ಎಲ್ಲಕ್ಕಿಂತ ಮೇಲಿದ್ದುದನ್ನು ಒತ್ತಿದಳು.

"ಆಯಿತು" ಎಂದಳು.

"ಇಷ್ಟು ಬೇಗವಾ?" ಬೀಫಾತಿಮಾ ಕೇಳಿದಳು. "ಎಲ್ಲಿ ಉಂಟು ಅದು?"

"ಗೊತ್ತಿಲ್ಲ" ಎಂದಳು ಶಾಹಿದಾ. "ವೀಸಾಕ್ಕಲ್ವಾ?"