ಏಟು ಬಿದ್ದ ಮೇಲಿನ ಚಪ್ಪಾಳೆ

ಅಭಿಮಾನಿಗಳ ಬಾಯಿಗೆ ಸಿಕ್ಕಿದರೆ ಮುಗಿಯಿತು, ದೇವರೂ ಕಾಪಾಡಲಾರ. ಆ ರಾಕ್ ತಂಡದ ಹೊಸ ಆಲ್ಬಮ್ ಬಂದು ಇನ್ನೂ ಮೂರು ದಿನವಾಗಿರಲಿಲ್ಲ, ಆಗಲೇ ಸಾವಿರಾರು ಜನ ಅಂತರ್ಜಾಲದಲ್ಲಿ ತಮ್ಮ ತಮ್ಮ ಅಭಿಪ್ರಾಯ ಬರೆದು ಹಾಕಿದ್ದರು. ಜನರ ಎದುರು ವೇದಿಕೆಯ ಮೇಲೆ ನುಡಿಸಿದ್ದನ್ನು ಹಾಗೇ ರೆಕಾರ್ಡ್ ಮಾಡಿಕೊಂಡ ಆಲ್ಬಮ್ ಅದು. ಗಿಟಾರು ಜೋರಾಯಿತು ಎಂದು ಒಬ್ಬ, ಸಾಲದಾಯಿತು ಎಂದು ಇನ್ನೊಬ್ಬ. ಗಾಯಕನಿಗೆ ತಲೆ ನರೆಯಿತು, ಇನ್ನು ಮನೆಯಲ್ಲಿ ಕೂರಲಿ ಎಂದು ಮತ್ತೊಬ್ಬ. ಹೀಗೆ ಯಾವುದಕ್ಕೂ ಒಮ್ಮತವಿಲ್ಲದ ಆ ಮಂದಿ ಒಂದೇ ಒಂದು ವಿಷಯದಲ್ಲಿ ಒಂದಾಗಿದ್ದರು. ಆರನೇ ಹಾಡಿನಲ್ಲಿ ಯಾವನೋ ತಾಳಗೇಡಿ ಚಪ್ಪಾಳೆ ತಟ್ಟಿ ತಟ್ಟಿ ಹಾಡನ್ನೇ ಹಾಳುಮಾಡಿದ್ದಾನೆ ಎಂಬುದು ಎಲ್ಲರ ದೂರು.

ಆ ತಾಳಗೇಡಿ ಲೈಬ್ರರಿಯಮ್ಮನ ಗಂಡ. ಅವನು ತೀರಿಕೊಂಡು ಐದು ತಿಂಗಳಾಗಿತ್ತು.

ಲೈಬ್ರರಿಯಮ್ಮ ಎಂದರೆ ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಕೂತ ಹೆಂಗಸು. ಕುರ್ಚಿ ಎಳೆದರೆ ಸಾಕು, ತಲೆ ಎತ್ತಿ ನೋಡುತ್ತಿದ್ದಳು. ಅಂಥವಳಿಗೆ ಗಂಟುಬಿದ್ದವನು ತಗಡಣ್ಣ. ತಗಡು ಒತ್ತಿ ಡಬ್ಬಿಯ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವನು, ಎಲ್ಲರೂ ಹಾಗೇ ಕರೆಯುತ್ತಿದ್ದರು. ಆ ಮಷೀನುಗಳ ಸದ್ದಿಗೆ ಅವನ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಮೂರನೇ ಮನೆಗೆ ಕೇಳಿಸಬೇಕು. ಮೆಲ್ಲಗೆ ಮಾತಾಡಿ ಎಂದು ಇವಳು ಹೇಳುವುದು, ಏನಂದೆ ಎಂದು ಅವನು ಕೂಗುವುದು, ಸಂಸಾರ ಹೀಗೇ ನಡೆದಿತ್ತು. ಚೆನ್ನಾಗಿಯೇ ನಡೆದಿತ್ತು ಅನ್ನಿ.

ಆ ಕಾರ್ಖಾನೆಯಲ್ಲಿ ಒಂದು ಪಾಠವಿತ್ತು. ಮೇಲಿನ ಅಚ್ಚು ಧಡ್ ಎಂದು ಬೀಳಬೇಕು, ಮೇಲಕ್ಕೇಳಬೇಕು, ಆಮೇಲಷ್ಟೇ ಕೈ ಹಾಕಿ ಮುಚ್ಚಳ ತೆಗೆಯಬೇಕು. ಆತುರಪಟ್ಟವರ ಬೆರಳು ಅಲ್ಲೇ ಉಳಿಯುತ್ತಿತ್ತು. ತಗಡಣ್ಣನ ಹತ್ತು ಬೆರಳೂ ನೆಟ್ಟಗಿದ್ದವು. ಅದೇ ಅವನ ಜಂಬ. ಬೀಳಲಿ, ಏಳಲಿ, ಆಮೇಲೆ ಕೈ, ಎಂದು ಮಗಳಿಗೆ ತೊಟ್ಟಿಲಲ್ಲೇ ಹೇಳಿಕೊಟ್ಟಿದ್ದ. ಕಿವಿ ಹೋದ ಮೇಲೆ ಅವನು ಸಂಗೀತ ಕೇಳುತ್ತಿದ್ದುದೂ ಇದೇ ಕ್ರಮದಲ್ಲಿ. ಡ್ರಮ್ಮು ಬಾರಿಸುವವನ ಕೋಲನ್ನು ಕಣ್ಣಿಟ್ಟು ನೋಡುವುದು, ಕೋಲು ಬಿದ್ದು ಮೇಲೆದ್ದ ಮೇಲೆ ಚಪ್ಪಾಳೆ ತಟ್ಟುವುದು. ಅರ್ಧ ತಾಳ ಹಿಂದೆ, ಆದರೆ ಒಂದು ಸಲವೂ ತಪ್ಪದೆ.

ಆ ತಂಡವೆಂದರೆ ಅವನಿಗೆ ಹರೆಯದಿಂದಲೂ ಪ್ರಾಣ. ಕಿವಿ ಸರಿಯಿದ್ದಾಗ ಕ್ಯಾಸೆಟ್ಟು ಸವೆಯುವವರೆಗೆ ಕೇಳಿದವನು. ಅವರು ಊರಿಗೆ ಬಂದಾಗ ಎರಡು ಟಿಕೆಟ್ ತಂದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಂಡತಿಯನ್ನು ಹೊರಡಿಸಿಕೊಂಡು ಹೋದ. ಅವರ ಸೀಟಿನ ಪಕ್ಕದ ಕಂಬಕ್ಕೇ ಒಂದು ಮೈಕು ಕಟ್ಟಿದ್ದರು. ಇವರಿಬ್ಬರೂ ಅದನ್ನು ಗಮನಿಸಲೇ ಇಲ್ಲ.

ಆರನೆಯದು ನಿಧಾನದ ಹಾಡು. ಒಬ್ಬನ ದನಿ, ಆಗೊಂದು ಈಗೊಂದು ಡ್ರಮ್ಮಿನ ಏಟು. ಮೊದಲು ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಗಾಯಕ ದನಿ ತಗ್ಗಿಸಿದ ಕೂಡಲೇ ಸಭೆಯೇ ತಣ್ಣಗಾಯಿತು. ತಗಡಣ್ಣನಿಗೆ ಅದು ಕೇಳಿಸಬೇಕಲ್ಲ. ಅವನ ಕಣ್ಣು ಕೋಲಿನ ಮೇಲಿತ್ತು, ಕೈ ತನ್ನ ಪಾಡಿಗೆ ತಟ್ಟುತ್ತಿತ್ತು. ಮುಂದಿನ ಸಾಲಿನವರು ತಿರುಗಿದರು. ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಲೈಬ್ರರಿಯಮ್ಮನಿಗೆ ನಾಚಿಕೆಯಿಂದ ಮೈ ಹಿಡಿಯಾಯಿತು. "ಸಾಕು" ಎನ್ನುತ್ತಲೇ ಅವನ ಎರಡೂ ಕೈ ಗಟ್ಟಿಯಾಗಿ ಹಿಡಿದಳು.

ಅವನು ಸುತ್ತ ನೋಡಿದ, ಅರ್ಥ ಮಾಡಿಕೊಂಡ, ಪೆಚ್ಚಾಗಿ ನಕ್ಕ. ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ಕೂತವನು ಕೊನೆಯ ಹಾಡಿಗೆ ಇಡೀ ಸಭೆ ಎದ್ದು ನಿಂತಾಗಲೂ ಕೈ ತೆಗೆಯಲಿಲ್ಲ. ಮನೆಗೆ ಬಂದು, ಚೆನ್ನಾಗಿತ್ತು ಅಲ್ವಾ ಎಂದು ಅವನೇ ಅವಳನ್ನು ಸಮಾಧಾನಪಡಿಸಿದ. ಅದಾಗಿ ನಲವತ್ತನೆಯ ದಿನ ಕಾರ್ಖಾನೆಯಲ್ಲಿ ಊಟದ ಬಿಡುವಿಗೆ ಕೂತವನು ಮೇಲೇಳಲಿಲ್ಲ.

ಆಲ್ಬಮ್ ಬಂದಾಗ ಮೊದಲು ಗುರುತು ಹಿಡಿದವಳು ಮಗಳು. ತಾನು ಕೆಲಸ ಮಾಡುವ ಔಷಧದ ಅಂಗಡಿಯಿಂದ ಅರ್ಧಕ್ಕೇ ಎದ್ದು ಓಡಿ ಬಂದು, ಚಪ್ಪಲಿಯನ್ನೂ ಬಿಡದೆ ಅಮ್ಮನ ಮುಂದೆ ಫೋನು ಹಿಡಿದಳು. ಟಪ್. ಟಪ್. ಕೋಲು ಬಿದ್ದ ಮೇಲೊಂದು, ಬಿದ್ದ ಮೇಲೊಂದು. ತಾಯಿ ಮಗಳು ಗೋಡೆಗೊರಗಿ ಕೂತು ಆ ಒಂದೂವರೆ ನಿಮಿಷವನ್ನು ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿಗೆ ಚಪ್ಪಾಳೆ ನಿಂತುಬಿಡುತ್ತಿತ್ತು. ಅಪ್ಪ ಯಾಕೆ ನಿಲ್ಲಿಸಿಬಿಟ್ಟರು ಎಂದು ಮಗಳು ಕೇಳಿದಳು. ಕೈ ನೋವು ಬಂದಿರಬೇಕು ಎಂದುಬಿಟ್ಟಳು ಲೈಬ್ರರಿಯಮ್ಮ.

ಅಭಿಮಾನಿಗಳಿಗೆ ಮಾತ್ರ ಸರಿಯಾಗಿ ಗೊತ್ತಿತ್ತು. ಒಬ್ಬ ಬರೆದಿದ್ದ: "ನಾಲ್ಕು ಹನ್ನೆರಡಕ್ಕೆ ಯಾರೋ ಪುಣ್ಯಾತ್ಮರು ಆ ಮಂಕನ ಕೈ ಹಿಡಿದಿದ್ದಾರೆ. ಅವರಿಗೆ ನನ್ನ ನಮಸ್ಕಾರ." ಅದರ ಕೆಳಗೆ ಇನ್ನೂರಮೂರು ಜನ ತಮ್ಮದೂ ಒಂದು ನಮಸ್ಕಾರ ಸೇರಿಸಿದ್ದರು. ಮದುವೆಯಾದಂದಿನಿಂದ ಲೈಬ್ರರಿಯಮ್ಮನಿಗೆ ಇಷ್ಟು ಜನ ಒಟ್ಟಿಗೆ ನಮಸ್ಕಾರ ಮಾಡಿರಲಿಲ್ಲ. ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು.

ದೂರು ಹೆಚ್ಚಾದಾಗ ಆಲ್ಬಮ್ ಕಂಪನಿಯವರು ಅಭಿಮಾನಿಗಳನ್ನೇ ಕೇಳಿದರು: ಆ ಚಪ್ಪಾಳೆ ತೆಗೆಯೋಣವೋ, ಇರಲೋ? ಹೇಳಲು ಒಂದು ವಾರ ಗಡುವು. ಮಗಳು ಕೆಂಡಾಮಂಡಲವಾದಳು.

"ಅದು ನಮ್ಮಪ್ಪ ಅಂತ ನಾನು ಬರೀತೀನಮ್ಮ. ಕಿವಿ ಕೇಳಿಸ್ತಿರ್ಲಿಲ್ಲ, ಈಗಿಲ್ಲ ಅಂತ ಗೊತ್ತಾದ್ರೆ ಯಾರೂ ತೆಗೀರಿ ಅನ್ನಲ್ಲ."

"ಬೇಡ ಕಣೇ. ಈಗ ಯಾರೂಂತ ಗೊತ್ತಿಲ್ದೆ ನಗ್ತಿದಾರೆ, ಆಮೇಲೆ ಗೊತ್ತಿದ್ದೂ ನಗ್ತಾರೆ. ನಾಲ್ಕು ಜನ ಏನಂದ್ಕೊಳ್ತಾರೆ?"

ನಾಲ್ಕು ಜನದ ಮಾತೆಲ್ಲ ಬರೀ ನೆಪ. ಕೈ ಹಿಡಿದವರು ಯಾರು ಎಂದು ಯಾರಾದರೂ ಕೇಳಿಬಿಟ್ಟರೆ ಎಂಬ ಭಯ ಅವಳದು. ಅಮ್ಮನ ಮಾತು ಮೀರಲಾರದೆ ಮಗಳು ಮುಖ ಊದಿಸಿಕೊಂಡು ಸುಮ್ಮನಾದಳು. ಲೈಬ್ರರಿಯಮ್ಮ ಮಾತ್ರ ದಿನಾ ಪುಸ್ತಕದ ಕಪಾಟಿನ ಹಿಂದೆ ನಿಂತು ಕಂಪನಿಯವರಿಗೆ ಫೋನಿನಲ್ಲಿ ಒಂದು ಸಾಲು ಬರೆಯುವಳು, ಅಳಿಸುವಳು. ಏಳನೆಯ ದಿನ ಬರೆದದ್ದನ್ನು ಅಳಿಸಿ ಫೋನನ್ನು ಚೀಲಕ್ಕೆ ಹಾಕಿದಳು. ವಾರ ಮುಗಿಯಿತು.

ಹೊಸದಾಗಿ ತಿದ್ದಿದ ಹಾಡು ಬಂದದ್ದೇ ತಡ, ಫೋನಿನಲ್ಲಿದ್ದ ಹಳೆಯದು ತಾನಾಗಿಯೇ ಮಾಯವಾಯಿತು. ಹಾಗಾಗುತ್ತದೆಂದು ಅವರಿಗೆ ಯಾರು ಹೇಳಬೇಕಿತ್ತು? ಮಗಳು ಎಲ್ಲೆಲ್ಲೋ ಹುಡುಕಿ ಕೈಚೆಲ್ಲಿದಳು. ಲೈಬ್ರರಿಯಮ್ಮ ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಆರನೇ ಹಾಡು ಹಾಕಿದಳು. ಡ್ರಮ್ಮಿನ ಏಟು, ಅದರ ಹಿಂದೆ ಏನೂ ಇಲ್ಲ. ಮತ್ತೊಂದು ಏಟು, ಹಿಂದೆ ಏನೂ ಇಲ್ಲ. ಎಷ್ಟು ಚೆನ್ನಾಗಿ ಗುಡಿಸಿಹಾಕಿದ್ದರು, ಅವರ ಕೈಚಳಕಕ್ಕೆ ಏನನ್ನಬೇಕೋ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿಗೆ, ಇಷ್ಟು ದಿನ ಕೊನೆಯ ಚಪ್ಪಾಳೆಯ ಅಡಿಯಲ್ಲಿ ಮುಚ್ಚಿಹೋಗಿದ್ದ ಒಂದು ಹೆಣ್ಣುದನಿ ಸ್ಪಷ್ಟವಾಗಿ ಕೇಳಿಸಿತು.

ಸಾಕು.

ಅವನದನ್ನೆಲ್ಲ ತೆಗೆದು ಇವಳದೊಂದನ್ನು ಉಳಿಸಿದ್ದರು. ಅಭಿಮಾನಿಗಳು ಅದಕ್ಕೂ ಅಭಿಪ್ರಾಯ ಬರೆದಿದ್ದರು. ಈ ಹೆಂಗಸು ಯಾರೋ, ಆದರೆ ದನಿ ಮೆತ್ತಗಿದೆ, ಹಾಡಿಗೆ ಹೊಂದುತ್ತದೆ, ಇರಲಿ ಬಿಡಿ ಎಂದು.

ಅಂದು ಸಂಜೆ ಅವಳು ಮಗಳಿಗೆ ಎಲ್ಲವನ್ನೂ ಹೇಳಿದಳು. ಮಗಳು, "ಅಪ್ಪಂಗೆ ಬೇಜಾರಾಗಿತ್ತಾ?" ಎಂದು ಕೇಳಿದಳು.

"ಆಗಿತ್ತು," ಎಂದಳು ಲೈಬ್ರರಿಯಮ್ಮ. "ನಾನು ಕೇಳ್ಲಿಲ್ಲ."

ಮರುದಿನ ಮಧ್ಯಾಹ್ನ ಓದುವ ಕೋಣೆಯಲ್ಲಿ ಪೇಪರು ಹಿಡಿದ ನಾಲ್ಕೈದು ಜನರಿದ್ದರು. ಲೈಬ್ರರಿಯಮ್ಮ ತನ್ನ ಮೇಜಿನಲ್ಲಿ ಕೂತು, ಕಿವಿಗೆ ಅದೇ ಹಾಡು ಹಾಕಿಕೊಂಡು, ಎರಡೂ ಕೈ ಮೇಲೆತ್ತಿದಳು. ಮೊದಲ ಸಲ ಕೈ ಏಟಿನ ಜೊತೆಗೇ ಬಿತ್ತು. ಅದಲ್ಲ. ಬೀಳಲಿ, ಏಳಲಿ, ಆಮೇಲೆ ಕೈ. ಟಪ್ ಎಂದು ತಟ್ಟಿದಳು. ಈಗ ಸರಿಯಾಯಿತು. ಮತ್ತೆ ತಟ್ಟಿದಳು.

ಕೋಣೆಯಲ್ಲಿದ್ದವರಿಗೆ ಹಾಡು ಕೇಳಿಸುತ್ತಿರಲಿಲ್ಲ, ಚಪ್ಪಾಳೆಯಷ್ಟೇ ಕೇಳಿಸುತ್ತಿತ್ತು. ಒಬ್ಬೊಬ್ಬರಾಗಿ ತಿರುಗಿ ನೋಡಿದರು. ದಿನವೂ ಬರುವ ಮುದುಕರೊಬ್ಬರು ಗಾಬರಿಯಿಂದ, ಅವಳೇ ಕಲಿಸಿದ್ದಂತೆ, ತುಟಿಯ ಮೇಲೆ ಬೆರಳಿಟ್ಟರು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ಏಟಿನ ಹಿಂದೆ ಹಿಂದೆ ತಟ್ಟುತ್ತಲೇ ಇತ್ತು. ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿಗೆ ಅವಳದೇ ದನಿ ಅವಳ ಕಿವಿಯಲ್ಲಿ ಸಾಕು ಎಂದಿತು.

ಅವಳು ನಿಲ್ಲಿಸಲಿಲ್ಲ.