ತಪಸ್ಸುಕಾಲದ ಐಸ್‌ಕ್ರೀಮ್ ಡಬ್ಬಿ

ಮೈಕ್ರೋಸ್ಕೋಪಿನಡಿ ಇಟ್ಟ ಸ್ಲೈಡಿನ ತುಂಬ ತೂತುಗಳಿದ್ದವು. ಒಂದೆರಡಲ್ಲ, ನೀರುದೋಸೆಗೆ ಬಿದ್ದಷ್ಟು.

“ಎಂತ ಉರ್ಸುಲಾ ಇದು? ಮಾಂಸ ಕೊಳೆತಿದೆ,” ಎಂದರು ಡಾಕ್ಟರ್ ಎಡ್ವಿನ್. “ಸೋಮವಾರ ಮದ್ರಾಸಿನಿಂದ ಪರೀಕ್ಷಕರು ಬರ್ತಾರೆ. ಇದನ್ನು ತೋರಿಸಿ, ನಿಮ್ಮ ಕೆಲಸ ಖಾಯಂ ಮಾಡಿ ಅಂತ ನಾನು ಹೇಗೆ ಬರೆಯುವುದು?”

ಅದು ೧೯೬೩. ವೈದ್ಯಕೀಯ ಕಾಲೇಜಿನ ಲ್ಯಾಬಿನಲ್ಲಿ ಉರ್ಸುಲಾ ಎರಡು ವರ್ಷದಿಂದ ತಾತ್ಕಾಲಿಕ ತಂತ್ರಜ್ಞೆ. ಸ್ಲೈಡಿನಲ್ಲಿದ್ದದ್ದು ಆಡಿನ ವೃಷಣ. ಅದರೊಳಗೆ ಎಳೆಯ ವೀರ್ಯಕಣಗಳನ್ನು ಸಾಕಿ ಬೆಳೆಸುವ ಆಸರೆಯ ಕೋಶಗಳಿರುತ್ತವೆ. ತೂತು ಬಿದ್ದದ್ದು ಅವುಗಳಲ್ಲೇ.

“ಅಲ್ಲಿ ಕೊಬ್ಬಿನ ಹನಿ ಇತ್ತು ಸರ್. ಸ್ಪಿರಿಟ್ಟಿನಲ್ಲಿ ತೊಳೆದು ಹೋಗಿದೆ. ಹೆಪ್ಪುಗಟ್ಟಿಸಿ ಕೊಯ್ದರೆ ಕಾಣ್ತದೆ.”

“ಹೆಪ್ಪುಗಟ್ಟಿಸಲು ಗ್ಯಾಸ್ ಉಂಟಾ? ಕುಣಿಯಲಾರದವಳಿಗೆ ನೆಲ ಡೊಂಕು!”

ಮಾಂಸವನ್ನು ತಣಿಸಿ ಗಟ್ಟಿ ಮಾಡುವ ಗ್ಯಾಸಿನ ಸಿಲಿಂಡರ್ ಖಾಲಿ. ಹೊಸದು ಬೊಂಬಾಯಿಯಿಂದ ಬರಬೇಕು. ಉರ್ಸುಲಾಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಅದೇ ವೃಷಣದ ಉಳಿದರ್ಧ ಕೆಡದಂತೆ ಫಾರ್ಮಾಲಿನ್ ಜಾಡಿಯಲ್ಲಿತ್ತು. ಅದನ್ನು ಪುಟ್ಟ ತಗಡಿನ ಡಬ್ಬಿಗೆ ಹಾಕಿಕೊಂಡು ಹೊರಟಳು. ಬಂದರಿನ ಮೀನು ಗೋದಾಮಿನಲ್ಲಿ ಮಂಜುಗಡ್ಡೆ ಕೊಂಡು, ಫಳ್ನೀರಿನ ಮನೆಗೆ ಬಂದು ಅಟ್ಟದಿಂದ ಅಮ್ಮನ ಮದುವೆಯ ಕಾಲದ ಐಸ್‌ಕ್ರೀಮ್ ಯಂತ್ರ ಇಳಿಸಿದಳು. ಯಂತ್ರದ ಡಬ್ಬಿಯೊಳಗೆ ಮಾಂಸದ ಡಬ್ಬಿ, ಸುತ್ತ ಮರದ ಬಕೆಟಿನಲ್ಲಿ ಮಂಜುಗಡ್ಡೆ, ಮೇಲೆ ಎರಡು ಸೇರು ಉಪ್ಪು. ಹಿತ್ತಲಲ್ಲಿ ಕೂತು ತಿರುಗಿಸತೊಡಗಿದಳು.

ಈಸ್ಟರಿಗೆ ಮುಂಚಿನ ವ್ರತದ ದಿನಗಳು, ತಪಸ್ಸುಕಾಲದ ಶುಕ್ರವಾರ ಬೇರೆ. ಇಗರ್ಜಿಯಿಂದ ಬಂದ ಅಮ್ಮ ರೊಸಾಲಿನ್ ಅಲ್ಲೇ ನಿಂತುಬಿಟ್ಟಳು.

“ಉಪವಾಸದ ದಿನ ಐಸ್‌ಕ್ರೀಮಾ? ದೇವರ ಹೆದರಿಕೆ ಉಂಟಾ ನಿನಗೆ?”

“ಐಸ್‌ಕ್ರೀಮ್ ಅಲ್ಲಮ್ಮ.”

ಅಮ್ಮ ಮುಚ್ಚಳ ತೆಗೆದಳು. ಒಳಗಿನ ಮುಚ್ಚಳವನ್ನೂ ತೆಗೆದಳು. ಸಂಸಾರಸ್ಥೆ, ಆಡಿನ ಬೀಜ ಗುರುತಾಗದೆ ಇದ್ದೀತೇ! ಶಿಲುಬೆಯ ಗುರುತು ಮಾಡಿಕೊಂಡು ಸೀದಾ ಒಳಗೆ ಹೋದಳು.

ಉರ್ಸುಲಾ ಬಕೆಟನ್ನು ಸೊಂಟಕ್ಕೇರಿಸಿ ಲ್ಯಾಬಿಗೆ ಓಡಿದಳು. ಕರಗುವ ಮೊದಲೇ ತೆಳ್ಳಗೆ ಕೊಯ್ದು ಕೊಬ್ಬಿಗೆ ಹತ್ತುವ ಕಪ್ಪು ಬಣ್ಣ ಹಾಕಿದಳು.

ಡಾಕ್ಟರ್ ಎಡ್ವಿನ್ ಬಹಳ ಹೊತ್ತು ನೋಡಿದರು. ತೂತಿದ್ದಲ್ಲೆಲ್ಲ ಕರಿ ಹನಿಗಳು ದುಂಡಗೆ ಕೂತಿದ್ದವು.

“ಕೊಳೆತದ್ದಲ್ಲ. ತಪ್ಪು ನನ್ನದು ಮಾರಾಯ್ತಿ,” ಎಂದರು. ಆಮೇಲೆ ಉತ್ಸಾಹದಿಂದ ವಿವರಿಸತೊಡಗಿದರು. ಎಳೆಯ ಕಣಗಳು ಬೆಳೆದು ಹೊರಡುವಾಗ ಚೂರುಪಾರು ಬಿಟ್ಟು ಹೋಗುತ್ತವಂತೆ. ಈ ಆಸರೆಯ ಕೋಶಗಳು ಅದನ್ನೇ ತಿಂದು, ಕೊಬ್ಬು ಮಾಡಿ, ಅದನ್ನು ಉರಿಸಿಕೊಂಡು ಬದುಕುತ್ತವೆ ಎಂದು ವಿದೇಶದಲ್ಲಿ ಕೆಲವರು ಬರೆಯುತ್ತಿದ್ದಾರಂತೆ.

ಮನೆಗೆ ಬಂದು ಉರ್ಸುಲಾ ಅಷ್ಟನ್ನೂ ಅಮ್ಮನಿಗೆ ಹೇಳಿದಳು.

“ಮಕ್ಕಳು ಬಿಟ್ಟದ್ದನ್ನು ತಿಂದು ಬದುಕುವುದಾ? ಅದಕ್ಕೆ ಮೈಕ್ರೋಸ್ಕೋಪ್ ಯಾಕೆ? ಅಡಿಗೆಮನೆಗೆ ಬಂದು ನನ್ನನ್ನು ನೋಡಿದ್ದರೆ ಸಾಕಿತ್ತು,” ಎಂದು ಅಮ್ಮ ನಕ್ಕಳು. ಐದು ಮಕ್ಕಳನ್ನು ಸಾಕಿದವಳು. ಉರ್ಸುಲಾಳಿಗೆ ನಗಲಾಗಲಿಲ್ಲ.

ಕೆಲಸ ಖಾಯಂ ಆದ ಕಾಗದ ಈಸ್ಟರಿನ ಹಿಂದಿನ ಪವಿತ್ರ ವಾರದಲ್ಲಿ ಬಂತು. ಈಸ್ಟರ್ ಮಧ್ಯಾಹ್ನ ಅದೇ ಯಂತ್ರದಲ್ಲಿ ಐಸ್‌ಕ್ರೀಮ್ ಆಯಿತು. ಪ್ರತಿವರ್ಷ ಎಲ್ಲರಿಗೂ ಹಂಚಿ ಕೊನೆಗೆ ಡಬ್ಬಿ ಕೆರೆದು ತಿನ್ನುತ್ತಿದ್ದವಳು ಅಮ್ಮ. ಈ ಸಲ ಉರ್ಸುಲಾ ಸೌಟು ಕಿತ್ತುಕೊಂಡು ಮೊದಲ ಬಟ್ಟಲನ್ನು ತುಂಬಿ ಅವಳ ಕೈಗಿಟ್ಟಳು.

ಅಮ್ಮ ಬಟ್ಟಲನ್ನು ನೋಡಿದಳು, ಮಗಳನ್ನು ನೋಡಿದಳು. ಕಣ್ಣು ತುಂಬಿತ್ತು.

“ಡಬ್ಬಿ ಸರಿ ತೊಳೆದಿದ್ದೀ ಅಲ್ವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಮಚ ಬಾಯಿಗಿಟ್ಟಳು.