ಬರೆದವರೇ ಒರೆಸಬೇಕು

ನಾನು ಒಂದು ಡಸ್ಟರ್. ಬಾಗಿಲ ಚೌಕಟ್ಟಿಗೆ ಕೊಯ್ದು ಉಳಿದ ಸಾಗುವಾನಿ ತುಂಡು, ಅದರಡಿಗೆ ಹಳೆ ಕಂಬಳಿಯ ಪಟ್ಟಿ. ಗದಗಿನ ಬಡಗಿಯೊಬ್ಬ ಮೊಳೆ ಹೊಡೆದು ಎರಡನ್ನೂ ಕೂಡಿಸಿದ. ಮೊಳೆ ಇಳಿದಾಗಲೂ ನನಗೆ ನೋವಾಗಲಿಲ್ಲ. ಹುಟ್ಟಿನಿಂದಲೇ ಮರಗಟ್ಟಿದ ಜೀವ ನನ್ನದು.

ನನ್ನನ್ನು ಕೊಂಡವರು ಗಂಗಾಂಬಿಕಾ ಟೀಚರ್. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದವರಿಗೆ ಎಣ್ಣೆ ಅಂಗಡಿಯ ಮಾಳಿಗೆಯಲ್ಲಿ ಪಾಠ ಹೇಳುತ್ತಿದ್ದರು. ಹಲಗೆಯ ಮೇಲೆ ಒಂದು ನಾಮಪದ, ಅದರ ಮುಂದೆ ಪ್ರಿಪೊಸಿಷನ್ನಿಗೆಂದು ಖಾಲಿ ಗೆರೆ. ಅಲ್ಲಿ ಆಫ್ ಕೂರಬೇಕೋ, ಫಾರ್ ಕೂರಬೇಕೋ, ಟು ಕೂರಬೇಕೋ? ಹುಡುಗರು ಕಾರಣ ಕೇಳಿದರೆ ಟೀಚರ್ ನಗುತ್ತಿದ್ದರು.

“ಗಿರಮಿಟ್ಟಿನ ಜೋಡಿ ಮಿರ್ಚಿ ಯಾಕ ತಿನ್ನೂದು ಅಂತ ಕೇಳ್ತೀರೇನು? ರೂಢಿ ಮಾಡ್ಕೋರಿ, ಅಷ್ಟ.”

ಅಲ್ಲಿ ಒಂದೇ ಕಟ್ಟಳೆ. ತಪ್ಪು ಬರೆದವರೇ ಎದ್ದು ಬಂದು ಒರೆಸಬೇಕು, ಸರಿಯಾದದ್ದನ್ನು ಬರೆದು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರ ತಪ್ಪನ್ನು ಯಾರೂ ಮುಟ್ಟುವಂತಿಲ್ಲ. ಹೀಗೆ ಎಷ್ಟೋ ಅಂಗೈಗಳ ಬೆವರು ಕುಡಿದೆ. ಕಂಬಳಿ ಸವೆಯಿತು. ಏನೂ ಅನ್ನಿಸಲಿಲ್ಲ.

ಆಮೇಲೆ ಶಕೀಲಾ ಬಂದಳು. ನರ್ಸ್ ಆಗುವ ಹಟ ಅವಳಿಗೆ. ಇಂಗ್ಲಿಷ್ ಒಂದೇ ಅಡ್ಡ ನಿಂತಿತ್ತು. ದಿನವೂ ನನ್ನನ್ನು ಹಿಡಿಯುವುದು ಅವಳೇ.

ಅಷ್ಟರಲ್ಲಿ ಟೀಚರಿಗೆ ಮರೆವು ಶುರುವಾಗಿತ್ತು. ಕೈಯಲ್ಲೇ ಇದ್ದ ಸೀಮೆಸುಣ್ಣವನ್ನು ಹುಡುಕುತ್ತಿದ್ದರು. “ಅತ್ತಿ, ಸಾಕಿನ್ನ, ಮನ್ಯಾಗ ಕುಂಡ್ರು” ಎಂದು ಅಣ್ಣನ ಮಗ ಮುರಿಗೆಪ್ಪ ಬೆನ್ನು ಹತ್ತಿದ್ದ. ಒಂದು ಮಧ್ಯಾಹ್ನ, ಪಾಠ ನಡೆಸಲು ಅತ್ತೆಗೆ ಇನ್ನೂ ಆಗುತ್ತದೋ ಇಲ್ಲವೋ ನೋಡಲು ಹಿಂದಿನ ಬೆಂಚಿನಲ್ಲಿ ಬಂದು ಕೂತ. ಆ ಮಾಳಿಗೆ ಬಿಟ್ಟರೆ ಟೀಚರಿಗೆ ಬೇರೆ ಬದುಕೇ ಇರಲಿಲ್ಲ.

ಅಂದು ಅವರು ಬರೆದ ಪದ ‘ಕ್ಯೂರ್’. ರೋಗ ವಾಸಿ ಮಾಡುವ ಮದ್ದು. ಗೆರೆಯ ಮೇಲೆ ತಾವೇ ‘ಟು’ ಎಂದು ಬರೆದರು. ಹುಡುಗರು ಮುಖ ಮುಖ ನೋಡಿಕೊಂಡರು. ಇದೇ ಪದಕ್ಕೆ ‘ಫಾರ್’ ಎಂದು ಅವರೇ ಹಿಂದೆ ಶಕೀಲಾಳಿಂದ ತಿದ್ದಿಸಿದ್ದರು. ಮುರಿಗೆಪ್ಪ ಕತ್ತು ಮುಂದೆ ಚಾಚಿದ.

ಶಕೀಲಾ ಎದ್ದು ಬಂದು ನನ್ನನ್ನು ಎತ್ತಿಕೊಂಡಳು. ಅವಳ ಅಂಗೈ ತಣ್ಣಗಿತ್ತು.

“ನಂದ ತಪ್ರೀ ಟೀಚರ್. ನಾ ಟು ಅಂದೆ, ತಪ್ಪು ತೋರಸಾಕ ನೀವು ಬರದ್ರಿ.”

ಒರೆಸಿದಳು. ‘ಫಾರ್’ ಬರೆದು ಗಟ್ಟಿಯಾಗಿ ಓದಿದಳು. ಮುರಿಗೆಪ್ಪ ಸಮಾಧಾನದಿಂದ ಮೆಟ್ಟಿಲಿಳಿದು ಹೋದ.

ಎಲ್ಲರೂ ಹೋದ ಮೇಲೆ ಟೀಚರ್ ಶಕೀಲಾಳನ್ನು ನಿಲ್ಲಿಸಿಕೊಂಡರು. ನನ್ನನ್ನು ಅವಳ ಕೈಗಿಟ್ಟರು.

“ನನ್ನ ತಪ್ಪು ನೀ ಒರಸೂದು ಬ್ಯಾಡವಾ. ಪರೀಕ್ಷೆ ತನಕ ಕಲಸ್ತೀನಿ. ಆಮ್ಯಾಲೆ ಬಾಗಲಾ ಹಾಕೂದ, ಇದು ನಿನಗಿರಲಿ.”

ಹಾಗೆಯೇ ಮಾಡಿದರು. ಶಕೀಲಾ ಪಾಸಾದಳು, ನರ್ಸ್ ಆದಳು. ಅವಳ ಮನೆಯ ಕಿಟಕಿಯ ಕದ ಗಾಳಿಗೆ ಬಡಿಯದಂತೆ ಸಂದಿಯಲ್ಲಿ ನಾನು ಕೂತೆ. ಈಗಲೂ ಅಲ್ಲೇ ಇದ್ದೇನೆ, ನಡುವಿನ ಒಂದೇ ಒಂದು ದಿನದ ಹೊರತು. ಅಂದು ಅವಳು ನನ್ನನ್ನು ಟೀಚರ ಬಳಿ ಒಯ್ದಿದ್ದಳು.

ಅವರು ಮಂಚದ ಮೇಲಿದ್ದರು. ನನ್ನನ್ನು ಹಿಡಿದು ಹೊದಿಕೆಯನ್ನು ಮೆಲ್ಲಗೆ ಒರೆಸತೊಡಗಿದರು.

“ಯಾರವಾ ನೀನು?”

“ನರ್ಸ್ ರೀ.”

ಟೀಚರ ಕೈ ನಿಂತಿತು. “ಕ್ಯೂರ್?” ಎಂದರು, ಹಲಗೆಯ ಮುಂದೆ ನಿಂತವರ ದನಿಯಲ್ಲಿ.

“ಫಾರ್ ರೀ.”

“ಶಾಣ್ಯಾಕಿ ಅದೀ. ಕುಂಡ್ರು.”

ಶಕೀಲಾ ಕೂತಳು. ಅವಳ ಕಣ್ಣೀರು ನನ್ನ ಮೇಲೆ ಬಿತ್ತು. ಅಂದು ಮೊದಲ ಸಲ, ಮೊಳೆ ಇರುವ ಜಾಗ ನನಗೆ ನೋಯಿತು.